ಜಗಳೂರು ಒದ್ದೆ, ಹೊನ್ನಾಳಿ ಒಣ!

ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿಯ ಭತ್ತದ ಗದ್ದೆ, ನ್ಯಾಮತಿ ಮತ್ತು ಜಗಳೂರಿನ ಮೆಕ್ಕೆಜೋಳದ ಹೊಲ. ನಾಲ್ಕೂ ಕಡೆಯ ಮಣ್ಣು ತಂದು ನಾಲ್ಕು ಕುಂಡಗಳಿಗೆ ತುಂಬಿ, ಸಮವಾಗಿ ನೀರು ಹಾಕಿದೆವು. ಯಾವ ಮಣ್ಣು ಎಷ್ಟು ದಿನ ತೇವ ಹಿಡಿಯುತ್ತದೆ ಎಂದು ನೋಡಿ ಬರೆಯುವ ಆಸೆ. ಪ್ರತಿ ಕುಂಡಕ್ಕೊಂದು ಸೆನ್ಸರ್, ಒಂದು ಆರ್ಡುಯಿನೊ ಬೋರ್ಡ್. ಎಲ್ಲ ಕೇಬಲ್‌ಗಳೂ ಒಂದೇ ಲ್ಯಾಪ್‌ಟಾಪ್‌ಗೆ.

ಮೂರನೇ ದಿನ ಮೇಜು ಒರೆಸಲು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆವು. ಅಷ್ಟೇ, ಪರದೆಯಲ್ಲಿ ಜಗಳೂರು ಒದ್ದೆ, ಹೊನ್ನಾಳಿ ಒಣ! ಬರದ ಮಣ್ಣಿನ ಗುಣ ಹೊಗಳಿ ಅರ್ಧ ಪುಟ ಬರೆದೂ ಆಗಿತ್ತು. ಕುಂಡಕ್ಕೆ ಬೆರಳಿಟ್ಟಾಗ ಸತ್ಯ ತಿಳಿಯಿತು.

ನಾವು ನಂಬಿದ್ದು ಪೋರ್ಟ್ ಸಂಖ್ಯೆಯನ್ನು. ನಮ್ಮ ಅಗ್ಗದ ಬೋರ್ಡ್‌ಗಳಲ್ಲಿ ಆ ಸಂಖ್ಯೆ ಕೇಬಲ್ ಸಿಕ್ಕಿಸಿದ ತೂತಿನದು, ಬೋರ್ಡಿನದಲ್ಲ. ಈಗ ಪ್ರತಿ ಬೋರ್ಡಿಗೂ ಅದರ ಊರಿನ ಹೆಸರನ್ನೇ ಬರೆದಿಟ್ಟಿದ್ದೇವೆ. ಪ್ರೋಗ್ರಾಂ ಮೊದಲು ‘ನೀನ್ಯಾರು?’ ಎಂದು ಕೇಳಿ, ಹೆಸರು ಮತ್ತು ಸಂಪರ್ಕ ಎರಡನ್ನೂ ಒಂದೇ ಪಟ್ಟಿಯಲ್ಲಿ ಇಡುತ್ತದೆ.

ಇನ್ನೊಂದು ತಪ್ಪೂ ಇತ್ತು. ಪ್ರತಿ ಅಳತೆಗೂ ಸಂಪರ್ಕ ತೆರೆದು ಮುಚ್ಚುತ್ತಿದ್ದೆವು. ತೆರೆದಾಗಲೆಲ್ಲ ಬೋರ್ಡ್ ಮೊದಲಿನಿಂದ ಶುರುವಾಗುತ್ತಿತ್ತು. ಮುಚ್ಚಲು ಮರೆತರೆ ಮುಂದಿನ ಸಲ ‘ಪೋರ್ಟ್ ಬ್ಯುಸಿ’. ಹತ್ತು ಪ್ರಶ್ನೆ ಕೇಳಲು ಹತ್ತು ಸಲ ಫೋನ್ ಮಾಡಿದಂತೆ. ಈಗ ಒಮ್ಮೆ ತೆರೆಯುತ್ತೇವೆ, ಕೆಲಸ ಮುಗಿದ ಮೇಲೆ ಒಮ್ಮೆ ಮುಚ್ಚುತ್ತೇವೆ.

ನಮ್ಮದು ಕುಂಡದ ಆಟ. ಆದರೆ ಅಡಿಕೆಯ ಹವಾಮಾನ ಆಧಾರಿತ ಬೆಳೆ ವಿಮೆ ನಿಂತಿರುವುದೇ ಮಳೆಮಾಪಕದ ಲೆಕ್ಕದ ಮೇಲೆ. ಅಲ್ಲಿ ಹೆಸರು ಅದಲುಬದಲಾದರೆ, ಒಂದೂರಿನ ಮಳೆ ಇನ್ನೊಂದೂರಿನ ರೈತನ ಪರಿಹಾರವನ್ನು ಕೊಚ್ಚಿಕೊಂಡು ಹೋಗುತ್ತದೆ.