ಅವ್ವ ಅನ್ನದ ಮಾತು

ನವನಗರದಾಗ ನಮ್ಮ ಬಾಡಿಗೆ ಮನಿ. ಚಿಗರಿ ಬಸ್ಸಿನ ಓಡಾಟ ಕಮ್ಮಿಯಾದ ಮ್ಯಾಲೆ ನನ್ನ ಎರಡನೇ ಡ್ಯೂಟಿ ಶುರು: ಇಂಗ್ಲಿಷಿನಲ್ಲಿ ಒಂದು ನ್ಯೂಸ್‌ಲೆಟರ್. ನಮ್ಮ ಹಳ್ಳಿ, ಎತ್ತು, ಅವ್ವನ ಅಡಗಿ. ಸಬ್‌ಸ್ಟ್ಯಾಕ್‌ನಲ್ಲಿ ತಿಂಗಳಿಗೆ 5 ಡಾಲರ್, ರೊಕ್ಕ ಕೊಡೋರು 11 ಮಂದಿ. ಆ 55 ಡಾಲರಿನಾಗ ಶೇ. 10 ಕಂಪನಿಗೆ, ಕಾರ್ಡಿನ ಖರ್ಚು ಬ್ಯಾರೆ.

ಬಿಇ ಮಾಡಿದ್ರೂ ನನ್ನ ಇಂಗ್ಲಿಷ್ ಕಚ್ಚಾನೇ. ನಾಕು ಸಾಲು ಹೇಳಿದ್ರ ಚಾಟ್‌ಜಿಪಿಟಿ ನಾಕು ಪುಟ ಕೊಡ್ತಿತ್ತು. ಒಂದೆರಡು ಶಬ್ದ ತಿದ್ದಿ ಕಳಿಸ್ತಿದ್ದೆ.

ಕಾರಹುಣ್ಣಿಮೆ ಬಗ್ಗೆ ಬರೆಸಿದ ವಾರ ಅಮೆರಿಕದ ಹಿರಿಯರೊಬ್ಬರ ಪತ್ರ ಬಂತು. ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಾ ‘ಭೂಮಿ ಯಾರನ್ನೂ ಮರೆಯುವುದಿಲ್ಲ ಮಗಾ’ ಅಂತ ನಮ್ಮವ್ವ ಅಂದದ್ದನ್ನು ಓದಿ, ತೀರಿಹೋದ ತಮ್ಮ ತಾಯಿ ನೆನಪಾಗಿ ಅತ್ತರಂತೆ. ಕೂಡಲೇ ಒಂದು ವರ್ಷದ ಚಂದಾ, 50 ಡಾಲರ್, ಕಟ್ಟಿದ್ದರು.

ಆ ಸಾಲು ನಾನು ಹೇಳಿಕೊಟ್ಟದ್ದಲ್ಲ. ಆದರೂ ಖಾತ್ರಿಗೆ ಊರಿಗೆ ಫೋನ್ ಹಚ್ಚಿದೆ.

‘ಅವ್ವಾ, ಹಂಗ ಅಂದಿದ್ದೇನು ನೀನು?’

‘ನಾ ಯಾಕ ಅನ್ಲಿ? ಬಣ್ಣದ ಡಬ್ಬಿ ಚೆಲ್ಲಿದಿ ಅಂತ ಬೈದಿದ್ದೆ ನಿನಗ!’

ಬೈಸಿಕೊಂಡದ್ದು ನನಗೂ ನೆನಪಿತ್ತು. ಅದನ್ನ ಬರೀಬಹುದು ಅಂತ ಅನಿಸಿರಲೇ ಇಲ್ಲ.

ಹಿರಿಯರಿಗೆ 50 ಡಾಲರ್ ವಾಪಸ್ ಹಾಕಿ, ಇದ್ದದ್ದು ಇದ್ದಂಗ ಬರೆದೆ. ಈ ಸಲ ಇಂಗ್ಲಿಷೂ ನಂದೇ, ತಪ್ಪೂ ನಂದೇ. ಆ 11 ಮಂದಿಗೂ ಅದೇ ಪತ್ರ ಹೋತು. ನಾಕು ಮಂದಿ ಚಂದಾ ನಿಲ್ಲಿಸಿದರು. ನ್ಯಾಯವೇ.

ಹಿರಿಯರ ಉತ್ತರ ವಾರ ಬಿಟ್ಟು ಬಂತು, ಒಂದೇ ಸಾಲು. ಚೆಲ್ಲಿದ ಬಣ್ಣ ಯಾವುದು ಅಂತ ಕೇಳಿದ್ದರು.