ಎರಡು ವೇಗಗಳ ನಡುವೆ

ವಿಮಾನಕ್ಕೂ ವೇಗವುಂಟು, ರೈಲಿಗೂ ವೇಗವುಂಟು. ಅವೆರಡರ ನಡುವೆ ಪೆಟ್ಟಿಗೆ ಹೊರುವ ಮುದಿ ಕೈಗಳಿಗೆ ಮಾತ್ರ ವೇಗವಿಲ್ಲ.

ಅಮೆರಿಕದ ಮಗನ ಮನೆಯಲ್ಲಿ ಆರು ತಿಂಗಳಿದ್ದು ಒಬ್ಬಂಟಿಯಾಗಿ ಮರಳಿದ ಸಂತೇಬೆನ್ನೂರಿನ ತಾಯಿಯೊಬ್ಬರಿಗೆ ಈ ಸತ್ಯ ಹೊಳೆದದ್ದು ನಡುರಾತ್ರಿ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ. 23 ಕಿಲೋ ತೂಕದ ಎರಡು ಪೆಟ್ಟಿಗೆಗಳು ಅಲ್ಲಿಯವರೆಗೆ ಪರರ ಹೊಣೆಯಾಗಿದ್ದವು. ಇನ್ನು ಅವು ಆಕೆಯವು. ಬಸ್ಸಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ರೈಲು ನಿಲ್ದಾಣ. 2023ರ ಜೂನ್ 27ರಂದು ಆರಂಭವಾದ ಧಾರವಾಡದ ವಂದೇ ಭಾರತ್ ರೈಲು ಮುಂಜಾನೆ ಹೊರಟು ನಾಲ್ಕು ಗಂಟೆಗಳೊಳಗೆ ದಾವಣಗೆರೆ ಮುಟ್ಟಿಸುತ್ತದೆ. ಅಂದು ಮಧ್ಯಾಹ್ನ ಯಜಮಾನರ ತಿಥಿ. ರೈಲು ತಪ್ಪಿದರೆ ತಿಥಿಯೂ ತಪ್ಪಿದಂತೆಯೇ.

ತಾನಾಗಿ ಮುಚ್ಚಿಕೊಳ್ಳುವ ಅದರ ಬಾಗಿಲು ಯಾರಿಗಾಗಿಯೂ ಕಾಯದು. ಏದುಸಿರು ಬಿಡುತ್ತ ನಿಂತಿದ್ದ ಆಕೆಯನ್ನು ಕಂಡು, ಯಾರನ್ನೋ ಬೀಳ್ಕೊಡಲು ಬಂದಿದ್ದ ತರುಣನೊಬ್ಬ, "ನೀವು ಹತ್ತಿರಿ, ಅಜ್ಜಿ" ಎಂದು ಎರಡು ಪೆಟ್ಟಿಗೆಗಳನ್ನೂ ಒಳಗಿಟ್ಟು ಇಳಿದ. ಹೆಸರು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತು.

ಊರಿನಲ್ಲಿ ಕೆಂಗ ಹನುಮಪ್ಪನಾಯಕನ ಪುಷ್ಕರಣಿಯ ಪಕ್ಕದಲ್ಲೇ ಹಳೆಯ ಮುಸಾಫಿರ್‌ಖಾನೆಯಿದೆ. ಮದುವೆಯಾಗಿ ಬಂದಂದಿನಿಂದ ಆಕೆ ನೋಡಿದ್ದ ಕಟ್ಟಡವದು. ಗುರುತಿಲ್ಲದ ದಾರಿಹೋಕರಿಗಾಗಿ ಹಿಂದಿನವರು ಅಷ್ಟು ಕಲ್ಲು ಹೊರಿಸಿದ್ದೇಕೆಂಬುದು ಅಂದು ಬಸ್ಸಿಳಿದಾಗ ಆಕೆಗೆ ತಿಳಿಯಿತು. ತಿಥಿಯ ಊಟದಲ್ಲಿ ಒಂದು ಎಲೆ ಹೆಚ್ಚಾಗಿ ಹಾಕಿಸಿದರು.