ಹೊಸತು ಬರುವ ಮುನ್ನ

ಹೊಸತು ಎಂಬುದು ಇಂದು ನಮ್ಮ ಅಪ್ಪಣೆ ಕೇಳಿ ಬರುವುದಿಲ್ಲ. ರಾತ್ರಿ ಮಲಗುವಾಗ ಒಂದು ರೀತಿ ಇದ್ದ ಮೊಬೈಲ್ ಬೆಳಿಗ್ಗೆ ಎದ್ದಾಗ ಬೇರೊಂದು ರೀತಿ ಇರುತ್ತದೆ. ನಿನ್ನೆ ಎಡಗಡೆ ಇದ್ದ ಗುಂಡಿ ಇಂದು ಬಲಗಡೆ. ಮನೆಯ ಹಿರಿಯರು ಗೊಣಗುತ್ತಾರೆ, ಮಕ್ಕಳು ನಗುತ್ತಾರೆ. ಮನೆಯಲ್ಲಿ ಇದು ಸಣ್ಣ ಸಂಗತಿ. ನೂರಾರು ಜನರ ಅನ್ನ ಅವಲಂಬಿಸಿರುವ ಕಾರ್ಖಾನೆಯಲ್ಲಿ ಇದೇ ನಡೆದರೆ ಅದು ಸಣ್ಣ ಸಂಗತಿಯಾಗಿ ಉಳಿಯುವುದಿಲ್ಲ.

ಹಿಂದೆ ಲೆಕ್ಕಪತ್ರದ ತಂತ್ರಾಂಶವನ್ನು ಸಿ.ಡಿ.ಯಲ್ಲಿ ತಂದು ಕಚೇರಿಯ ಗಣಕಯಂತ್ರಕ್ಕೆ ಅಳವಡಿಸಿದರೆ, ನಾವಾಗಿ ಬದಲಿಸುವವರೆಗೆ ಅದೇ ನಡೆಯುತ್ತಿತ್ತು. ಈಗ ಬಹುಪಾಲು ಉದ್ದಿಮೆಗಳ ಲೆಕ್ಕ, ಹಾಜರಿ, ಸಂಬಳ, ದಾಸ್ತಾನು ಎಲ್ಲವೂ ‘ಕ್ಲೌಡ್’ ಎಂದು ಕರೆಯಲಾಗುವ ದೂರದ ಗಣಕಯಂತ್ರಗಳಲ್ಲಿವೆ. ನಾವು ಅಲ್ಲಿ ಬಾಡಿಗೆದಾರರು. ಮನೆಯ ಯಜಮಾನ ಕಾಲಕಾಲಕ್ಕೆ ಗೋಡೆ ಕೆಡವಿ ಕಟ್ಟುತ್ತಾನೆ. ಸೇಲ್ಸ್‌ಫೋರ್ಸ್ ಸಂಸ್ಥೆ ವರ್ಷಕ್ಕೆ ಮೂರು ಬಾರಿ ತನ್ನ ತಂತ್ರಾಂಶವನ್ನು ನವೀಕರಿಸುತ್ತದೆ. ಒರಾಕಲ್ ಮೂರು ತಿಂಗಳಿಗೊಮ್ಮೆ. ಮೈಕ್ರೋಸಾಫ್ಟ್‌ನ ಡೈನಮಿಕ್ಸ್ ಏಪ್ರಿಲ್ ಮತ್ತು ಅಕ್ಟೋಬರ್‌ನಿಂದ ಆರಂಭವಾಗುವ ಎರಡು ಸುತ್ತುಗಳಲ್ಲಿ. ಬೇಡವೆಂದು ಕೊನೆಯತನಕ ತಡೆಯುವ ಹಾಗಿಲ್ಲ. ಆದರೆ ಈ ಸಂಸ್ಥೆಗಳು ಒಂದು ಉಪಕಾರ ಮಾಡುತ್ತವೆ. ನಿಜವಾದ ವ್ಯವಸ್ಥೆ ಬದಲಾಗುವ ಕೆಲವು ವಾರಗಳ ಮೊದಲು, ಅದರದೇ ಪ್ರತಿರೂಪವಾದ ಪರೀಕ್ಷಾ ವ್ಯವಸ್ಥೆಯೊಂದನ್ನು ಬದಲಿಸಿ ನಮ್ಮ ಕೈಗಿಡುತ್ತವೆ. ಅಲ್ಲಿ ತಪ್ಪಾದರೆ ಯಾರ ಹಣವೂ ಹೋಗದು. ಆ ಕೆಲವು ವಾರಗಳನ್ನು ನಾವು ಹೇಗೆ ಬಳಸುತ್ತೇವೆ ಎಂಬುದೇ ಮುಖ್ಯ.

ಗೌರಿಬಿದನೂರು ಕಡೆಯ ಸಿದ್ಧ ಉಡುಪು ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹಲವು ವರ್ಷಗಳಿಂದ ಈ ಪರೀಕ್ಷೆಯ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲು, ಏನೇನು ಬದಲಾಗಲಿದೆ ಎಂದು ಕಂಪನಿ ಕಳುಹಿಸುವ ಟಿಪ್ಪಣಿಯನ್ನು ಓದಬೇಕು. ಅದು ಕೆಲವೊಮ್ಮೆ ನೂರಾರು ಪುಟ. ನಮಗೆ ತಾಗುವ ಅಂಶಗಳನ್ನು ಆಯ್ದು ಪಟ್ಟಿ ಮಾಡಬೇಕು. ಬಳಿಕ ಹಿಂದಿನ ತಿಂಗಳ ಸಂಬಳವನ್ನು ಪರೀಕ್ಷಾ ವ್ಯವಸ್ಥೆಯಲ್ಲಿ ಮತ್ತೊಮ್ಮೆ ಲೆಕ್ಕ ಹಾಕಿ, ಹಳೆಯ ಮೊತ್ತಕ್ಕೂ ಹೊಸ ಮೊತ್ತಕ್ಕೂ ಒಂದು ರೂಪಾಯಿಯೂ ವ್ಯತ್ಯಾಸವಿಲ್ಲವೆಂದು ನೋಡಬೇಕು. ಕೊನೆಗೆ ಯಾರು ನೋಡಿದರು, ಏನು ಕಂಡರು ಎಂದು ಬರೆದು ಸಹಿ ಹಾಕಬೇಕು.

ಹೊಸದಾಗಿ ಬಂದಿದ್ದ ಅಧಿಕಾರಿಯೊಬ್ಬರು ಒಮ್ಮೆ, “ತಂತ್ರಾಂಶ ಮಾಡಿದವರೇ ಪರೀಕ್ಷಿಸಿರುತ್ತಾರಲ್ಲ, ಮತ್ತೆ ನಾವೇಕೆ ನೋಡಬೇಕು?” ಎಂದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ನಮ್ಮ ವಿಭಾಗದ ಹಿರಿಯ ಗುಮಾಸ್ತರು, “ಅವರು ತಮ್ಮ ತಂತ್ರಾಂಶವನ್ನು ಬಲ್ಲರು ಸ್ವಾಮಿ, ನಮ್ಮ ಜನರನ್ನು ಬಲ್ಲರೇ?” ಎಂದು ಉತ್ತರಿಸಿದರು.

ನಮ್ಮ ಜನರೆಂದರೆ ಯಾರು? ತಂದೆಯ ಹೆಸರೂ ಮನೆತನದ ಹೆಸರೂ ಇಲ್ಲದೆ ಒಂದೇ ಹೆಸರಿನವರು. ಒಬ್ಬರ ದಾಖಲೆಯಲ್ಲಿ ‘ಸಿ’ಯಿಂದಲೂ ಅವರ ತಂಗಿಯ ದಾಖಲೆಯಲ್ಲಿ ‘ಎಸ್‌ಎಚ್’ನಿಂದಲೂ ಆರಂಭವಾಗುವ ಊರುಗಳವರು, ಶಿಡ್ಲಘಟ್ಟವನ್ನೂ ಚಿಕ್ಕಬಳ್ಳಾಪುರವನ್ನೂ ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆಂದು ಎಣಿಸಿದವರಿಲ್ಲ. ಚಿಕ್ಕಬಳ್ಳಾಪುರ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದರೂ ಹಳೆಯ ಕಾಗದಪತ್ರದಲ್ಲಿ ಇನ್ನೂ ಕೋಲಾರ ಜಿಲ್ಲೆಯವರಾಗಿಯೇ ಉಳಿದವರು. ಹೆರಿಗೆ ರಜೆಯಲ್ಲಿರುವವರು. ತಿಂಗಳ ನಡುವೆ ಕೆಲಸ ಬಿಟ್ಟು ಚಿಂತಾಮಣಿಯ ತವರಿಗೆ ಹೋದವರು. ಪರೀಕ್ಷೆಯ ಪಟ್ಟಿಯಲ್ಲಿ ಇವರೆಲ್ಲ ಇರಬೇಕೆಂಬುದು ಆ ಗುಮಾಸ್ತರ ಪಟ್ಟು.

ಆ ಸಲ ಅವರು ಪಟ್ಟಿಗೆ ರಾತ್ರಿ ಕಾವಲುಗಾರರನ್ನೂ ಸೇರಿಸಿದರು. ತಿಂಗಳ ಕೊನೆಯ ದಿನ ರಾತ್ರಿ 10ಕ್ಕೆ ಕೆಲಸಕ್ಕೆ ಬಂದು, ಮರುದಿನ, ಅಂದರೆ ಮುಂದಿನ ತಿಂಗಳ ಮೊದಲ ದಿನ, ಬೆಳಿಗ್ಗೆ 6ಕ್ಕೆ ಮನೆಗೆ ಹೋಗುವವರು ಅವರು. ನವೀಕರಿಸಿದ ತಂತ್ರಾಂಶ ಅವರ ಎಂಟು ಗಂಟೆಗಳನ್ನು ಮಧ್ಯರಾತ್ರಿಗೆ ಕತ್ತರಿಸಿ, ಎರಡನ್ನು ಈ ತಿಂಗಳಿಗೂ ಆರನ್ನು ಮುಂದಿನ ತಿಂಗಳಿಗೂ ಹಾಕಿತ್ತು. ಎರಡು ಗಂಟೆ ಅರ್ಧ ದಿನಕ್ಕೂ ಸಾಲದು, ಆದ್ದರಿಂದ ಗೈರುಹಾಜರಿ! ರಾತ್ರಿಯಿಡೀ ಎಚ್ಚರವಿದ್ದವರ ಒಂದು ದಿನದ ಕೂಲಿ ಸದ್ದಿಲ್ಲದೆ ಮಾಯವಾಗುವುದರಲ್ಲಿತ್ತು. ಪರೀಕ್ಷೆಯಲ್ಲಿ ಕಂಡುದರಿಂದ ಸರಿಪಡಿಸಲು ಸಮಯ ಸಿಕ್ಕಿತು. ಏಳನೆಯ ತಾರೀಖಿನೊಳಗೆ ಎಲ್ಲರಿಗೂ ಪೂರ್ತಿ ಸಂಬಳ ತಲುಪಿತು. ಕಾವಲುಗಾರರಿಗೆ ಈ ವಿಷಯ ತಿಳಿಯಲೇ ಇಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಇಂತಹ ವರದಿಗಳಲ್ಲಿ ‘ನೂರಕ್ಕೆ ತೊಂಬತ್ತೊಂಬತ್ತು ಸರಿ’ ಎಂದು ಬರೆದು ಮುಗಿಸುವುದು ಸುಲಭ. ಆದರೆ ಯೇಸುಸ್ವಾಮಿ ಹೇಳಿದ ಸಾಮತಿಯ ಕುರುಬನಿಗೆ ಆ ತೊಂಬತ್ತೊಂಬತ್ತು ಸಾಲಲಿಲ್ಲ. ತಪ್ಪಿಹೋದ ಒಂದನ್ನು ಹುಡುಕಿ ಹೊರಟನು. ಆ ಒಂದು ಅಂಕಿಯ ಹಿಂದೆ ಒಂದು ಮನೆ, ಒಂದು ಒಲೆ ಇದೆಯೆಂದು ಅರಿತವನಿಗೆ ಮಾತ್ರ ಪರೀಕ್ಷೆಯ ಕೆಲಸ ಬೇಸರ ತರುವುದಿಲ್ಲ.

ಈ ಬುದ್ಧಿ ನಮ್ಮ ನೆಲಕ್ಕೆ ಹೊಸತಲ್ಲ. ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಸಾಕುವವರನ್ನು ಕೇಳಿ ನೋಡಿ. 19ನೆಯ ಶತಮಾನದಲ್ಲಿ ಗಂಟುರೋಗ ಫ್ರಾನ್ಸಿನ ರೇಷ್ಮೆಯನ್ನು ಹಾಳುಗೆಡಹಿದಾಗ, 1865ರಲ್ಲಿ ಲೂಯಿ ಪಾಶ್ಚರ್ ಆ ಕೆಲಸಕ್ಕೆ ಕೈಹಾಕಿದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗದ ಗುರುತು ಕಂಡರೆ ಆ ಮೊಟ್ಟೆಗಳನ್ನು ಸುಡಬೇಕು ಎಂಬುದು ಅವರು ಕಂಡ ದಾರಿ. ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಮೂಲಪಾಠ ಅದೇ. ಇನ್ನು ಹುಳುವಿನ ಬಾಳೇ ಕ್ರಮಬದ್ಧವಾದ ನವೀಕರಣ. ನಾಲ್ಕು ಬಾರಿ ಅದು ಜ್ವರಕ್ಕೆ ಕೂತು ಹಳೆಯ ಚರ್ಮ ಕಳಚುತ್ತದೆ. ಆಗ ಅನುಭವಿ ರೈತ ಸೊಪ್ಪು ಹಾಕುವುದಿಲ್ಲ, ಹುಳುವನ್ನು ಅಲುಗಿಸುವುದಿಲ್ಲ. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ ಕಾಯುತ್ತಾನೆ. ಬಹುಪಾಲು ಹುಳುಗಳು ಎದ್ದಮೇಲೆಯೇ ಮೇವು. ನಾವೂ ನವೀಕರಣದ ದಿನಗಳಲ್ಲಿ ಬೇರಾವ ಬದಲಾವಣೆಯನ್ನೂ ಮಾಡುವುದಿಲ್ಲ.

ಕಾಯದೆ ಅವಸರಪಟ್ಟರೆ ಏನಾಗುತ್ತದೆಂಬುದನ್ನು 2024ರ ಜುಲೈ 19 ಜಗತ್ತಿಗೆಲ್ಲ ತೋರಿಸಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಅಂದು ಬೆಳಿಗ್ಗೆ ನಮ್ಮ ಗಡಿಯಾರದಂತೆ 9 ಗಂಟೆ 39 ನಿಮಿಷಕ್ಕೆ ಒಂದು ಚಿಕ್ಕ ಕಡತವನ್ನು ಕಳುಹಿಸಿತು. 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರೂ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಅಷ್ಟರಲ್ಲಿ ಸುಮಾರು 85 ಲಕ್ಷ ಗಣಕಯಂತ್ರಗಳು ಕೆಟ್ಟು ನಿಂತಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಡಬೇಕಾಯಿತು. ಕಡತ 21 ಅಂಶಗಳನ್ನು ನಿರೀಕ್ಷಿಸಿತ್ತು, ಸಿಕ್ಕಿದ್ದು 20. ಅದನ್ನು ಹಿಡಿಯಬೇಕಿದ್ದ ಪರೀಕ್ಷಕ ತಂತ್ರಾಂಶದಲ್ಲೇ ದೋಷವಿತ್ತು. ಎಲ್ಲರಿಗೂ ಒಮ್ಮೆಲೇ ಕಳುಹಿಸದೆ ಮೊದಲು ಕೆಲವರಿಗೆ ಕಳುಹಿಸಿ ನೋಡಿದ್ದರೆ ಹಾನಿ ಅಷ್ಟಕ್ಕೇ ನಿಲ್ಲುತ್ತಿತ್ತು.

ಇದಕ್ಕೆ ಹೋಲಿಸಿದರೆ ಧರ್ಮಸಭೆ ಮಾಡಿದ ಒಂದು ನವೀಕರಣ ನೆನಪಿಗೆ ಬರುತ್ತದೆ. ಪಾಸ್ಕಹಬ್ಬದ ಲೆಕ್ಕ ತಪ್ಪುತ್ತಾ ಬಂದುದರಿಂದ 13ನೆಯ ಗ್ರೆಗೊರಿ ಜಗದ್ಗುರುಗಳು ಪಂಚಾಂಗವನ್ನೇ ತಿದ್ದಲು ನಿರ್ಧರಿಸಿದರು. ಆಜ್ಞೆ ಹೊರಡಿಸುವ ಕೆಲವು ವರ್ಷ ಮೊದಲೇ ಯೋಜನೆಯ ಸಾರಾಂಶವನ್ನು ಅರಸರಿಗೂ ವಿಶ್ವವಿದ್ಯಾಲಯಗಳಿಗೂ ಕಳುಹಿಸಿ ಅಭಿಪ್ರಾಯ ಕೇಳಲಾಯಿತು. 1582ರಲ್ಲಿ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಆವಿಲದ ಸಂತ ತೆರೇಸಾ ದೈವಾಧೀನರಾದುದು ಆ ರಾತ್ರಿಯೇ. ಆದರೆ ನನ್ನ ಮನಸ್ಸನ್ನು ಹಿಡಿದುದು ಆ ಆಜ್ಞೆಯ ಬೇರೊಂದು ಮಾತು. ಹತ್ತು ದಿನ ಕಡಿಮೆಯಾದುದರಿಂದ ತಿಂಗಳ ಅಥವಾ ವರ್ಷದ ಪಾವತಿಗಳಲ್ಲಿ ಯಾರಿಗೂ ನಷ್ಟವಾಗದಂತೆ ಹತ್ತು ದಿನಗಳ ಅವಧಿ ಸೇರಿಸಿಕೊಡಬೇಕೆಂದು ನ್ಯಾಯಾಧೀಶರಿಗೆ ಅದು ತಿಳಿಸಿತು. ಸೂರ್ಯನ ಗತಿಯನ್ನು ಲೆಕ್ಕ ಹಾಕಿದವರು ಬಡವನ ಬಾಕಿಯನ್ನೂ ಮರೆಯಲಿಲ್ಲ.

ಸಂತ ಪೌಲರು ಥೆಸಲೋನಿಕದ ವಿಶ್ವಾಸಿಗಳಿಗೆ ಬರೆಯುವಾಗ ಹೊಸದನ್ನೆಲ್ಲ ತಳ್ಳಿಹಾಕಿರೆಂದು ಹೇಳಲಿಲ್ಲ, ಕಣ್ಣುಮುಚ್ಚಿ ಒಪ್ಪಿಕೊಳ್ಳಿರೆಂದೂ ಹೇಳಲಿಲ್ಲ. ಪರಿಶೀಲಿಸಿ ಒಳ್ಳೆಯದನ್ನು ಉಳಿಸಿಕೊಳ್ಳುವ ದಾರಿಯನ್ನು ತೋರಿಸಿದರು. ಹತ್ತು ಮಂದಿ ಕನ್ಯೆಯರ ಸಾಮತಿಯಲ್ಲಿ ಮಧ್ಯರಾತ್ರಿ ಕೂಗು ಕೇಳಿದಾಗ ಎಣ್ಣೆ ಸಾಲ ಸಿಗಲಿಲ್ಲ. ಸಿದ್ಧತೆ ಮೊದಲೇ ಆಗಿರಬೇಕಿತ್ತು. ಆಗಮನ ಕಾಲ ಮತ್ತು ತಪಸ್ಸುಕಾಲಗಳು ವರ್ಷವರ್ಷವೂ ತಪ್ಪದೆ ಬರುವುದು ಇದಕ್ಕಾಗಿಯೇ. ನಾವು ಆತ್ಮಶೋಧನೆಗೆ ಕುಳಿತಾಗಲೂ ಸುಲಭವಾದ ಪ್ರಶ್ನೆಗಳನ್ನಷ್ಟೇ ಹಾಕಿಕೊಂಡು ಎಲ್ಲವೂ ಸರಿಯೆಂದು ಸಹಿ ಹಾಕಿಬಿಡುತ್ತೇವೆ. ಪೂಜೆಗೆ ಹೋದೆವು, ಜಪಸರ ಹೇಳಿದೆವು, ಕಾಣಿಕೆ ಕೊಟ್ಟೆವು. ನಮ್ಮ ಪಟ್ಟಿಯಲ್ಲಿ ರಾತ್ರಿಯ ಕಾವಲುಗಾರನಿದ್ದಾನೆಯೇ? ಮನೆಗೆಲಸದಾಕೆಯ ರಜೆಯ ದಿನ, ಮಾತು ಬಿಟ್ಟ ಅಣ್ಣನ ಮನೆ, ಗುಡಿಸಲಿನಲ್ಲಿ ಒಂಟಿಯಾಗಿರುವ ಅಜ್ಜಿ ಇದ್ದಾರೆಯೇ? ಈ ಬಾರಿ ಪಾಪನಿವೇದನೆಗೆ ಸಿದ್ಧರಾಗುವಾಗ ಅಂತಹ ಒಂದು ಹೆಸರನ್ನಾದರೂ ಆ ಪಟ್ಟಿಗೆ ಸೇರಿಸಿಕೊಳ್ಳೋಣ.